ಜೇಡಬೇಟೆಯ ಕಣಜ



ಶ್ರೀಮದ್ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನೊಬ್ಬನು ಯದುರಾಜನಿಗೆ ತನ್ನ 24 ಮಂದಿ ಗುರುಗಳನ್ನು ಒಬ್ಬೊಬ್ಬರನ್ನಾಗಿ ಹೆಸರಿಸಿ ಹೇಳುವ ಪ್ರಸಂಗವೊಂದುಂಟು. ಭೂಮಿಯಿಂದ ಮೊದಲಾಗುವ ಆ ಗುರುಪಂಕ್ತಿಯ ಕಟ್ಟಕಡೆಯಲ್ಲಿ ನಿಂತಿರುವವು ಎರಡು ಅಲ್ಪಪ್ರಾಣಿಗಳು: ಒಂದು ಜೇಡ, ಇನ್ನೊಂದು ಕಣಜ. ತನ್ನೊಳಗಿನಿಂದಲೇ ನೂಲನ್ನು ತೆಗೆದು ಹರಡಿ ಮತ್ತೆ ಅದನ್ನು ತಾನೇ ನುಂಗಿಕೊಳ್ಳುವ ಜೇಡನಿಂದ ಸೃಷ್ಟಿಸಂಹಾರಗಳ ಮರ್ಮವನ್ನೂ, ಗೋಡೆಯ ಗೂಡಿನಲ್ಲಿ ಕೀಟವನ್ನು ಸೆರೆಯಿಟ್ಟು ಅದಕ್ಕೆ ತನ್ನ ರೂಪವನ್ನೇ ತಂದುಕೊಡುವ ಕಣಜದಿಂದ ಧ್ಯಾನದ ಮಹಿಮೆಯನ್ನೂ ತಾನು ಕಲಿತೆನೆಂದು ಆತನು ಹೇಳುತ್ತಾನೆ. ವೇದಾಂತಿಗಳ ಭ್ರಮರಕೀಟನ್ಯಾಯವು ಇದೇ. ಶಿವಶರಣರ ವಚನಗಳಲ್ಲಿ ಕೀಡಿಯು ಕುಂಡಲಿಗನಾಗುವ ದೃಷ್ಟಾಂತವಾಗಿ ಬರುವುದೂ ಇದೇ. ಪಕ್ಕಪಕ್ಕದಲ್ಲಿ ನಿಂತ ಈ ಇಬ್ಬರು ಗುರುಗಳಿಗೆ ಲೋಕವ್ಯವಹಾರದಲ್ಲಿ ಇರುವ ಸಂಬಂಧವು ಎಂಥದೆಂಬುದನ್ನು ಈ ಹೊತ್ತು ತಮ್ಮ ಮುಂದೆ ಅರಿಕೆಮಾಡಬೇಕೆಂದಿದ್ದೇನೆ.

ಮೊದಲು ನಮ್ಮ ಪೂರ್ವಿಕರ ಕಣ್ಣಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿಬಿಡೋಣ. ಕಣಜವು ಮಣ್ಣಿನ ಗೂಡನ್ನು ಕಟ್ಟುವುದು, ಹುಳುವನ್ನು ತಂದು ಅದರೊಳಗಿರಿಸಿ ಬಾಯಿ ಮುಚ್ಚುವುದು, ಕೆಲವು ವಾರಗಳ ತರುವಾಯ ಅದೇ ಗೂಡನ್ನು ಕೊರೆದುಕೊಂಡು ಹುಳುವಿಗೆ ಬದಲಾಗಿ ಕಣಜವೇ ಹೊರಬರುವುದು, ಇವಿಷ್ಟೂ ಅವರು ಕಣ್ಣಾರೆ ಕಂಡ ಸತ್ಯ. ಅವರ ದೃಷ್ಟಿಗೆ ಬೀಳದೆ ಹೋದದ್ದು ಒಂದೇ ವಸ್ತು: ಕೆಲವೇ ಮಿಲಿಮೀಟರು ಉದ್ದದ, ಬೆಳ್ಳಗಿನ, ತುಸುವೇ ಬಾಗಿದ ಒಂದು ಮೊಟ್ಟೆ. ಸೆರೆಯಾದ ಹುಳುವು ಕಣಜವಾಗಿ ಮಾರ್ಪಡಲಿಲ್ಲ. ಕಣಜದ ಶಿಶುವು ಆ ಹುಳುವನ್ನು ಉಂಡು ಬೆಳೆಯಿತು. ಇಷ್ಟರಿಂದ ಧ್ಯಾನದ ದೃಷ್ಟಾಂತವು ಮುರಿದು ಬೀಳುವುದೆಂದು ನಾನು ಭಾವಿಸುವುದಿಲ್ಲ. ಅದು ಸಾಧಕನಿಗಾಗಿ ಹೇಳಿದ ಮಾತು. ಆದರೆ ಕಣಜದ ಸಂಸಾರವನ್ನು ತಿಳಿಯಬಯಸುವವನು ಆ ಮೊಟ್ಟೆಯನ್ನು ಕಾಣದೆ ಗತಿಯಿಲ್ಲ.

ಬಾಗಿಲಿನ ಚೌಕಟ್ಟು, ಜಂತೆಯ ಸಂದು, ಗೋಡೆಗೆ ತೂಗುಹಾಕಿದ ಪಟದ ಹಿಂಭಾಗ, ಬಹುಕಾಲದಿಂದ ತೆರೆಯದ ಕಿಟಕಿಯ ಮೂಲೆ, ಇಂಥ ಮಳೆತಾಗದ ಎಡೆಗಳಲ್ಲಿ ಮಣ್ಣು ಮೆತ್ತುವ, ಜನರು ಕುಂಬಾರಹುಳುವೆಂದು ಕರೆಯುವ ಕಣಜವನ್ನು ತಾವೆಲ್ಲರೂ ಕಂಡಿರುತ್ತೀರಿ. ಕಪ್ಪು ಮೈ, ಅಲ್ಲಲ್ಲಿ ಹಳದಿ ಬಣ್ಣ ಬಳಿದ ಕಾಲುಗಳು, ಎದೆಗೂ ಹೊಟ್ಟೆಗೂ ನಡುವೆ ಮುರಿದೇ ಹೋದೀತೆಂಬಷ್ಟು ನೀಳವಾಗಿ ಸಣ್ಣಗಾದ ಸೊಂಟ. 1781ರಲ್ಲಿಯೇ ಫ್ಯಾಬ್ರಿಸಿಯಸ್ ಎಂಬ ಡೆನ್ಮಾರ್ಕಿನ ವಿದ್ವಾಂಸನು ಇವುಗಳಲ್ಲಿ ಒಂದು ಜಾತಿಗೆ ಮದರಾಸಿನ ಹೆಸರನ್ನು ಸೇರಿಸಿ ನಾಮಕರಣ ಮಾಡಿದ್ದನು. ಬಚ್ಚಲ ನೀರು ಹರಿಯುವ ಕಾಲುವೆಯ ಅಂಚಿನಿಂದ ಒದ್ದೆ ಮಣ್ಣನ್ನು ದವಡೆಗಳಲ್ಲಿ ಉಂಡೆಕಟ್ಟಿ ತಂದು, ಗುಂಯ್‌ಗುಡುತ್ತ ಅದು ಮೆತ್ತುವುದನ್ನು ಕಿವಿಗೊಟ್ಟು ಕೇಳಿರಿ. ಆ ಝೇಂಕಾರವು ಹಾಡಲ್ಲ. ಮೈಯ ಕಂಪನವನ್ನು ದವಡೆಯ ಮೂಲಕ ಮಣ್ಣಿಗೆ ಹಾಯಿಸಿ, ಗಟ್ಟಿಯಾಗುತ್ತಿರುವುದನ್ನು ಮತ್ತೆ ಮೆದುವಾಗಿಸಿ ಹರಡಿಕೊಳ್ಳುವ ಉಪಾಯ. ಹೀಗೆ ಅಂಗುಲದಷ್ಟು ಉದ್ದದ ಕೊಳವೆಯೊಂದು ಸಿದ್ಧವಾದೊಡನೆ ಬೇಟೆಯು ಆರಂಭವಾಗುತ್ತದೆ. ಗಿಡಗಳ ನಡುವೆ ಬಲೆ ಕಟ್ಟುವ ಸಣ್ಣ ಜೇಡಗಳನ್ನೂ ಗೋಡೆಯ ಮೇಲೆ ಜಿಗಿದಾಡುವ ಜೇಡಗಳನ್ನೂ ಕುಟುಕಿ ತಂದು ಒಂದರ ಮೇಲೊಂದನ್ನು ತುರುಕಿ, ಅವುಗಳಲ್ಲಿ ಒಂದರ ಮೈಮೇಲೆ ಮೊಟ್ಟೆಯನ್ನಿಟ್ಟು, ಮಣ್ಣಿನ ಬಿರಡೆ ಹಾಕಿ, ಪಕ್ಕದಲ್ಲಿ ಎರಡನೆಯ ಕೋಣೆಯನ್ನು ಹೂಡುತ್ತದೆ. ಜೇಡಗಳ ಗಾತ್ರವನ್ನನುಸರಿಸಿ ಕೋಣೆಯೊಂದಕ್ಕೆ ಐದಾರು ಹಿಡಿದಾವು, ಇಪ್ಪತ್ತೂ ಹಿಡಿದಾವು. ಎಲ್ಲ ಕೋಣೆಗಳೂ ಮುಗಿದ ಮೇಲೆ ಒಟ್ಟಿಗೆ ಹೊದಿಸುವ ಮಣ್ಣಿನ ದಪ್ಪ ಪದರವೇ ಗೋಡೆಯ ಮೇಲೆ ನಾವು ಕಾಣುವ ಒರಟು ಹೆಂಟೆ.

ಇನ್ನು ಮುಂದೆ ಹೇಳಲಿರುವ ಕಣಜಗಳಿಗೆ ಕುಂಬಾರಹುಳುವು ಬೇಟೆಯಲ್ಲಿ ಸಮಾನಧರ್ಮಿಯಾದರೂ ಕುಲದಲ್ಲಿ ಬೇರೆ. ಜೇಡನನ್ನೇ ಸರ್ವಸ್ವವಾಗಿ ನಂಬಿರುವ ಕಣಜಗಳ ಕುಲಕ್ಕೆ ಶಾಸ್ತ್ರಜ್ಞರು ಪಾಂಪಿಲಿಡೇ ಎಂದು ಹೆಸರಿಟ್ಟಿದ್ದಾರೆ. ಜಗತ್ತಿನಲ್ಲಿ ಇವುಗಳ ಜಾತಿಗಳು ಸುಮಾರು 5000. ನಮ್ಮ ದೇಶದ ಜಾತಿಗಳನ್ನು ಬಿಂಗ್‌ಹ್ಯಾಮ್ ಎಂಬ ಸೇನಾಧಿಕಾರಿಯು ಬ್ರಿಟಿಷ್ ಇಂಡಿಯದ ಪ್ರಾಣಿಗಳನ್ನು ಕುರಿತ ಗ್ರಂಥಮಾಲೆಯ, 1897ರಲ್ಲಿ ಅಚ್ಚಾದ ಸಂಪುಟದಲ್ಲಿ ವರ್ಣಿಸಿದ್ದಾನೆ. ಹೊಲದ ಬದುವಿನಲ್ಲಿಯೋ ಕೆರೆಯ ಏರಿಯ ಮೇಲೋ ನೀಲಿಗಪ್ಪು ಮೈಯ, ಕೆಲವೊಮ್ಮೆ ಬೆಂಕಿಬಣ್ಣದ ರೆಕ್ಕೆಗಳ, ನೀಳವಾದ ಹಿಂಗಾಲುಗಳ ಹುಳುವೊಂದು ಒಂದೆಡೆ ನಿಲ್ಲಲಾರದೆ ಓಡುತ್ತ, ರೆಕ್ಕೆಗಳನ್ನು ಅದುರಿಸುತ್ತ, ಸುರುಳಿಯಾದ ಮೀಸೆಗಳಿಂದ ನೆಲವನ್ನು ತಟ್ಟಿ ತಟ್ಟಿ ಪರೀಕ್ಷಿಸುತ್ತ, ಗೇಣೆರಡು ಗೇಣು ಹಾರಿ ಮತ್ತೆ ಓಡುವುದನ್ನು ಕಂಡಿರಾದರೆ, ತಾವು ಕಂಡದ್ದು ಇದನ್ನೇ. ಇದರ ಧರ್ಮವು ಕುಂಬಾರಹುಳುವಿನದಕ್ಕಿಂತ ಕಠಿನವಾದದ್ದು. ಒಂದು ಶಿಶುವಿಗೆ ಒಂದೇ ಜೇಡ, ಹೆಚ್ಚಿಲ್ಲ, ಕಡಿಮೆಯಿಲ್ಲ. ಶಿಶುವಿನ ಜೀವಮಾನದ ಊಟವೆಲ್ಲ ಅದೊಂದರಲ್ಲಿಯೇ ಮುಗಿಯಬೇಕಾದುದರಿಂದ, ಹಿಡಿಯುವ ಜೇಡವು ತಾಯಿಯಷ್ಟೇ, ಅನೇಕ ವೇಳೆ ತಾಯಿಗಿಂತಲೂ ದೊಡ್ಡದಾಗಿರಬೇಕು.

ಇಷ್ಟೊಂದು ಸಾಹಸದ ಬೇಟೆಗಾರ್ತಿಯ ಸ್ವಂತ ಆಹಾರವಾದರೋ ಹೂವಿನ ಮಕರಂದ. ನಾಲಗೆಯು ಗಿಡ್ಡವಾದುದರಿಂದ ಕೊತ್ತಂಬರಿ, ಸಬ್ಬಸಿಗೆಗಳ ಜಾತಿಯ, ರಸವು ಮೇಲೆಯೇ ತೆರೆದಿರುವ ಸಣ್ಣ ಹೂಗಳೆಂದರೆ ಇವುಗಳಿಗೆ ಇಷ್ಟ. ಬೇಟೆಯ ಗಾಯದಿಂದ ಒಸರಿದ ರಸವನ್ನು ನೆಕ್ಕುವ ಜಾತಿಗಳುಂಟು. ಆದರೆ ಜೇಡದ ಮಾಂಸವು ಮಕ್ಕಳ ಪಾಲು. ಗಂಡು ಕಣಜಕ್ಕೆ ಕೊಂಡಿಯೂ ಇಲ್ಲ, ಬೇಟೆಯೂ ಇಲ್ಲ.

ಬೇಟೆಯ ಪರಿಯನ್ನು ಹೇಳಹೊರಟರೆ ಫ್ರಾನ್ಸಿನ ಫಾಬ್ರ್‌ನನ್ನು ನೆನೆಯದೆ ಮುಂದುವರಿಯಲಾಗದು. 1823ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಶಾಲೆಯ ಉಪಾಧ್ಯಾಯನಾಗಿ ಬಹುಕಾಲ ದುಡಿದು, ಕಡೆಗೆ ಸೆರಿನ್ಯಾನ್ ಎಂಬ ಹಳ್ಳಿಯ ಕಲ್ಲುಗಾಡು ನೆಲವೊಂದರಲ್ಲಿ ನೆಲೆಸಿ, 1915ರಲ್ಲಿ ತೀರಿಕೊಳ್ಳುವವರೆಗೂ ಕೀಟಗಳ ನಡುವೆಯೇ ಬಾಳಿದ ಮಹನೀಯನು ಆತ. ಹಳೆಯ ಗೋಡೆಗಳ ಬಿರುಕಿನಲ್ಲಿ ರೇಷ್ಮೆಯ ಕೊಳವೆಯನ್ನು ನೇಯ್ದು, ಅದರ ಬಾಯಿಯನ್ನು ಆಲಿಕೆಯ ಆಕಾರದಲ್ಲಿ ಹೊರಕ್ಕೆ ಹರಡಿ, ಒಳಗೆ ಹೊಂಚಿ ಕುಳಿತಿರುವ ದೊಡ್ಡ ಜೇಡವೊಂದನ್ನು ಕಣಜವು ಹೇಗೆ ಗೆಲ್ಲುತ್ತದೆಂಬುದನ್ನು ಆತನು ಕಂಡು ಬರೆದಿದ್ದಾನೆ. ಕೊಳವೆಯೊಳಕ್ಕೆ ನುಗ್ಗಿದರೆ ಕಣಜಕ್ಕೆ ಸಾವು ಖಂಡಿತ, ಅದು ನುಗ್ಗುವುದಿಲ್ಲ. ಬಾಗಿಲ ಬಳಿ ಸುಳಿದಾಡಿ, ಜೇಡನು ಮೈದೋರಿದ ಕ್ಷಣದಲ್ಲಿ ಹಾರಿ, ಚಾಚಿದ ಕಾಲೊಂದನ್ನು ಕಚ್ಚಿ ಹೊರಕ್ಕೆ ಸೆಳೆಯುತ್ತದೆ. ಜೇಡನು ಹಿಂಗಾಲುಗಳಿಂದ ನೂಲನ್ನು ಭದ್ರವಾಗಿ ಹಿಡಿದುಕೊಂಡಿದ್ದರೆ ಸೆಳೆತವು ನಿಷ್ಫಲ. ಕಣಜವು ಬಿಟ್ಟು ಇನ್ನೊಂದು ಬಿರುಕಿಗೆ ಹೋಗುತ್ತದೆ, ಅಲ್ಲಿಂದ ಮತ್ತೊಂದಕ್ಕೆ, ತಿರುಗಿ ಮೊದಲಿನದಕ್ಕೇ. ಎಲ್ಲಿಯೋ ಒಂದೆಡೆ ಹಿಡಿತ ಸಡಿಲಿದ ಜೇಡನೊಬ್ಬನು ಕೊಳವೆಯಿಂದ ಕಿತ್ತು ದೂರಕ್ಕೆ ಎಸೆಯಲ್ಪಡುತ್ತಾನೆ. ಮನೆಯ ಬಾಗಿಲಲ್ಲಿ ಅಷ್ಟು ಧೀರನಾಗಿದ್ದವನು ಬಯಲಿಗೆ ಬಿದ್ದೊಡನೆ ಕಂಗೆಟ್ಟು, ಕಾಲುಗಳನ್ನು ಮುದುಡಿಕೊಂಡು ಬಿದ್ದಿರುತ್ತಾನೆ. ಆಮೇಲಿನ ಕೆಲಸವು ಕ್ಷಣಾರ್ಧದ್ದು.

ಕೊಂಡಿಯು ಎಲ್ಲಿ ಇಳಿಯುತ್ತದೆ? ಜೇಡನ ನರಗ್ರಂಥಿಗಳೆಲ್ಲವೂ ಎದೆಯ ಭಾಗದಲ್ಲಿ ಒಂದೆಡೆ ಕೂಡಿಕೊಂಡಿರುವುವು. ಮೊದಲ ಕುಟುಕು ಬಾಯಿಯ ಬಳಿ, ವಿಷದ ಕೋರೆಗಳು ಜೋಲುಬೀಳುವಂತೆ. ಎರಡನೆಯದು ಕಾಲುಗಳ ಬುಡದ ನಡುವೆ, ಎಂಟೂ ಕಾಲುಗಳು ಸ್ತಬ್ಧವಾಗುವಂತೆ. ಇದು ಫಾಬ್ರ್ ಕಂಡ ಕ್ರಮ. ಜೇಡನು ಸಾಯುವುದಿಲ್ಲ. ಹೃದಯವು ಮಿಡಿಯುತ್ತಲೇ ಇರುತ್ತದೆ. ಚಲನೆಯು ಮಾತ್ರ ಇಲ್ಲವಾಗುತ್ತದೆ. ಸತ್ತ ಮಾಂಸವಾದರೆ ನಮ್ಮ ಬೇಸಗೆಯಲ್ಲಿ ಎರಡು ದಿನವೂ ತಡೆಯದೆ ಕೊಳೆತೀತು. ಜೀವವಿರುವ ಮೈಯು ವಾರಗಟ್ಟಲೆ ಕೆಡದೆ ಉಳಿಯುತ್ತದೆ. ಉಪ್ಪಿಲ್ಲದೆ, ಬಿಸಿಲಿಲ್ಲದೆ, ಹೊಗೆಯಿಲ್ಲದೆ ಆಹಾರವನ್ನು ಕಾಪಾಡುವ ಈ ವಿದ್ಯೆಯನ್ನು ಕಂಡು ಫಾಬ್ರ್‌ನು ಕಣಜವನ್ನು ಶಸ್ತ್ರವೈದ್ಯನೆಂದು ಕೊಂಡಾಡಿದನು. ತನ್ನ ತಾಯಿಯ ಮುಖವನ್ನೇ ಕಾಣದೆ ನೆಲದೊಳಗೆ ಒಂಟಿಯಾಗಿ ಬೆಳೆದು ಬಂದ ಹುಳುವಿಗೆ ಈ ಶರೀರಶಾಸ್ತ್ರವನ್ನು ಕಲಿಸಿದವರು ಯಾರೆಂಬ ಬೆರಗು ಆತನನ್ನು ಕಡೆಯವರೆಗೂ ಬಿಡಲಿಲ್ಲ.

ಬೇಟೆ ಮುಗಿದ ಮೇಲೆ ಪಯಣ. ತನಗಿಂತ ತೂಕವಾದ ಹೊರೆಯನ್ನೆತ್ತಿ ಹಾರಲಾರದೆ, ಬಹುತೇಕ ಜಾತಿಗಳು ಜೇಡನ ಕಾಲಿನ ಬುಡವನ್ನು ದವಡೆಯಲ್ಲಿ ಹಿಡಿದು ಹಿಮ್ಮುಖವಾಗಿ ಎಳೆಯುತ್ತ, ಕಲ್ಲು ಕಡ್ಡಿಗಳನ್ನು ದಾಟಿಸುತ್ತ ನಡೆಯುತ್ತವೆ. ಅನೇಕ ಜಾತಿಗಳಲ್ಲಿ ಬಿಲವನ್ನು ತೋಡುವುದು ಬೇಟೆಯು ಕೈಸೇರಿದ ತರುವಾಯವೇ ಆದಕಾರಣ, ತೋಡುವಷ್ಟು ಹೊತ್ತು ಜೇಡನನ್ನು ಎಲ್ಲಿಡುವುದೆಂಬ ಚಿಂತೆ ಹುಟ್ಟುತ್ತದೆ. ನೆಲದ ಮೇಲೆ ಬಿಟ್ಟರೆ ಇರುವೆಗಳ ಪಾಲು. ಅದಕ್ಕಾಗಿ ಗಿಡವೊಂದರ ಕವಲಿನಲ್ಲಿಯೋ ಹುಲ್ಲಿನ ಬುಡದ ಮೇಲೋ ಅದನ್ನು ಸಿಕ್ಕಿಸಿ, ಹತ್ತಿರದಲ್ಲಿಯೇ ಮುಂಗಾಲುಗಳಿಂದ ಮಣ್ಣನ್ನು ಹಿಂದಕ್ಕೆ ಚಿಮ್ಮುತ್ತ ತೋಡತೊಡಗುತ್ತದೆ. ನಡುನಡುವೆ ಕೆಲಸವನ್ನು ನಿಲ್ಲಿಸಿ ಓಡಿಬಂದು, ಜೇಡನನ್ನು ಮೀಸೆಯಿಂದ ಮುಟ್ಟಿ ನೋಡಿ, ಇದೆಯೆಂದು ಖಚಿತವಾದ ಮೇಲೆ ಮರಳಿ ತೋಡುವುದು ನೋಡತಕ್ಕ ದೃಶ್ಯ. ಜೇಡನನ್ನು ಬಾಯಿಯವರೆಗೆ ತಂದಾಗ ಬಿಲವು ಕಿರಿದೆಂದು ತಿಳಿದರೆ, ಅದನ್ನು ಬದಿಗಿಟ್ಟು ಹಿರಿದುಮಾಡಿ ಬರುವುದೂ ಉಂಟು. ಬಿಲದ ಕೊನೆಯ ಕೋಣೆಯಲ್ಲಿ ಜೇಡನನ್ನು ಮಲಗಿಸಿ, ಅದರ ಹೊಟ್ಟೆಗೆ ಒಂದು ಮೊಟ್ಟೆಯನ್ನು ಅಂಟಿಸಿ, ಹೊರಗೆ ಬಂದು ಮಣ್ಣನ್ನು ತುಂಬುತ್ತ, ದಿಮ್ಮಸು ಹಾಕಿ ನೆಲ ಕೂಡಿಸುವ ಕೂಲಿಯವರಂತೆ ಹೊಟ್ಟೆಯ ತುದಿಯಿಂದ ಬಡಿಬಡಿದು ಗಟ್ಟಿಮಾಡುತ್ತದೆ. ಮೇಲೆ ಕಸಕಡ್ಡಿಗಳನ್ನು ಎಳೆದು ಹರಡಿ ಗುರುತು ಮರೆಸಿ ಹೊರಟುಹೋದ ಮೇಲೆ ಆ ಸ್ಥಳಕ್ಕೂ ತಾಯಿಗೂ ಮತ್ತೆ ಸಂಬಂಧವಿಲ್ಲ.

ಇನ್ನೊಂದು ಸಂಗತಿ. ಫಲಿತವಾದ ಮೊಟ್ಟೆಯಿಂದ ಹೆಣ್ಣೂ ಫಲಿತವಾಗದ ಮೊಟ್ಟೆಯಿಂದ ಗಂಡೂ ಹುಟ್ಟುವುದು ಕಣಜಗಳ ಲೋಕದ ಕಟ್ಟಳೆ. ಶೇಖರಿಸಿಟ್ಟುಕೊಂಡ ವೀರ್ಯವನ್ನು ಮೊಟ್ಟೆಗೆ ತಗುಲಿಸುವುದೂ ಬಿಡುವುದೂ ತಾಯಿಯ ವಶದಲ್ಲಿರುವುದು. ದೊಡ್ಡ ಜೇಡ ದೊರೆತಾಗ ಹೆಣ್ಣುಮೊಟ್ಟೆಯನ್ನೂ ಸಣ್ಣದು ದೊರೆತಾಗ ಗಂಡುಮೊಟ್ಟೆಯನ್ನೂ ಇಡುವ ರೂಢಿಯು ಅನೇಕ ಜಾತಿಗಳಲ್ಲಿ ಕಂಡುಬಂದಿದೆ. ಮುಂದೆ ಬೇಟೆಯಾಡಬೇಕಾದವಳಿಗೆ ಮೈಕಟ್ಟು ಬೇಕಷ್ಟೆ.

ಕೆಲವೇ ದಿನಗಳಲ್ಲಿ ಮೊಟ್ಟೆಯೊಡೆದು ಬಂದ ಕಾಲಿಲ್ಲದ ಮರಿಹುಳುವು ಇದ್ದೆಡೆಯಲ್ಲಿಯೇ ಬಾಯಿಯಿಟ್ಟು ಮೊದಲು ರಸವನ್ನು ಹೀರುತ್ತದೆ, ಬೆಳೆದಂತೆಲ್ಲ ಮಾಂಸವನ್ನು ತಿನ್ನುತ್ತದೆ. ಹೃದಯ, ನರಗ್ರಂಥಿ ಮೊದಲಾದ ಮರ್ಮಸ್ಥಾನಗಳನ್ನು ಕಡೆಗೆಂದು ಉಳಿಸಿಕೊಳ್ಳುವುದರಿಂದ ಊಟವು ಮುಗಿಯುವ ತನಕ ಅನ್ನವು ಹಳಸದು. ತರುವಾಯ ನೂಲಿನ ಕೋಶವನ್ನು ನೇಯ್ದು ಅದರೊಳಗೆ ರೂಪಾಂತರಕ್ಕೆ ಮಲಗುತ್ತದೆ. ಕೇಳುವ ತಮ್ಮ ಮನಸ್ಸಿಗೆ ಇದು ಘೋರವೆಂದು ತೋರಿದರೆ ಆಶ್ಚರ್ಯವಿಲ್ಲ. ಕಂಬಳಿಹುಳುಗಳ ಜೀವಂತ ದೇಹದೊಳಗೆ ಮೇಯುವ ಬೇರೊಂದು ಕಣಜಕುಲವನ್ನು ಕುರಿತು ಡಾರ್ವಿನ್ನನು 1860ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞನಾದ ಏಸಾ ಗ್ರೇಗೆ ಪತ್ರ ಬರೆಯುತ್ತ, ದಯಾಮಯನಾದ ದೇವರು ಇಂಥದನ್ನು ಬೇಕೆಂದು ಸೃಷ್ಟಿಸಿದನೆಂದು ನಂಬಲು ತನ್ನಿಂದಾಗದೆಂದು ತೋಡಿಕೊಂಡನು. ದಯೆಯೂ ಕ್ರೌರ್ಯವೂ ಆಯ್ಕೆಯುಳ್ಳವರ ಗುಣಗಳು. ಜೇಡನಿಲ್ಲದೆ ಹುಟ್ಟಲಾರದ ಜೀವಕ್ಕೆ ಅವುಗಳ ಅಳತೆಗೋಲನ್ನು ಹಿಡಿಯಲು ನನ್ನ ಮನಸ್ಸು ಒಪ್ಪದು.

ಕುಲವು ಒಂದೇ ಆದರೂ ಆಚಾರಗಳು ಬಹುವಿಧ. ಮಣ್ಣಿನ ಪುಟ್ಟ ಕುಡಿಕೆಗಳನ್ನು ಮಾಡುವ ಕೆಲವು ಜಾತಿಗಳು ಜೇಡನ ಕಾಲುಗಳನ್ನು ಬುಡದಲ್ಲಿಯೇ ಕತ್ತರಿಸಿ, ಮುಂಡವನ್ನು ಹೊಟ್ಟೆಯ ಕೆಳಗೆ ಹಿಡಿದು ಹಗುರಾಗಿ ಮುಂದಕ್ಕೆ ನಡೆಯುತ್ತವೆ. ಕೆಲವು, ಬಿಲ ತೋಡುವ ಶ್ರಮವನ್ನೇ ಬಿಟ್ಟು, ಜೇಡನನ್ನು ಅದರ ಮನೆಯಲ್ಲಿಯೇ ಕುಟುಕಿ ಅಲ್ಲಿಯೇ ಮೊಟ್ಟೆಯಿಡುತ್ತವೆ. ನೀರಿನ ಮೇಲೆ ಓಡಾಡುವ ಜೇಡಗಳನ್ನು ಬೇಟೆಯಾಡುವ ಅಮೆರಿಕದ ಒಂದು ಜಾತಿಯು, ಮುಳುಗಿ ಅಡಗಿದ ಜೇಡನಿಗಾಗಿ ತಾನೂ ಮುಳುಗಿ, ಹಿಡಿದದ್ದನ್ನು ನೀರಿನ ಮೇಲೆಯೇ ತೇಲಿಸುತ್ತ ದಡಕ್ಕೆ ಎಳೆದು ತರುತ್ತದೆ.

ಇವುಗಳ ನಡುವೆ ಕಳ್ಳರಿಗೂ ಕೊರತೆಯಿಲ್ಲ. ಸಿರೊಪಾಲಿಸ್ ಎಂಬ ಕಣಜವು ತಾನು ಬೇಟೆಯಾಡುವುದಿಲ್ಲ. ಬೇರೊಂದು ತಾಯಿಯು ಜೇಡನನ್ನು ಎಳೆದುಕೊಂಡು ಹೋಗುತ್ತಿರುವಾಗ ಮೇಲೆ ಬಿದ್ದು, ಜೇಡನ ಉಸಿರಾಟದ ಸೀಳಿನೊಳಗೆ ತನ್ನ ಮೊಟ್ಟೆಯನ್ನು ತೂರಿಸಿ ಮರೆಯಾಗುತ್ತದೆ. ಒಡತಿಯು ಏನನ್ನೂ ಅರಿಯದೆ ಬಿಲ ತೋಡಿ, ತನ್ನ ಮೊಟ್ಟೆಯನ್ನೂ ಇಟ್ಟು ಮುಚ್ಚುತ್ತದೆ. ಕಳ್ಳ ಶಿಶುವು ಮೊದಲೊಡೆದು ಅದನ್ನು ಕೊಲ್ಲುತ್ತದೆ. ಇವ್ಯಾಗೆಟಿಸ್ ಎಂಬುದು ಮುಚ್ಚಿದ ಬಿಲವನ್ನೇ ಅಗೆದು, ಒಳಗಿನ ಮೊಟ್ಟೆಯನ್ನು ತಿಂದು, ತನ್ನದನ್ನು ಇಟ್ಟು, ಮೊದಲಿದ್ದಂತೆ ಮುಚ್ಚಿ ಹೋಗುತ್ತದೆ. ನಮ್ಮ ಕುಂಬಾರಹುಳುವಿನ ಗೂಡಿಗೂ ನೀಲಿಹಸಿರು ಲೋಹದ ಹೊಳಪಿನ ಪರಪುಟ್ಟ ಕಣಜವೊಂದು ಕನ್ನವಿಕ್ಕುತ್ತದೆ. ಗೋಡೆಯ ಮೇಲೆ ಅದು ಸುಮ್ಮನೆ ಸುಳಿದಾಡುತ್ತಿರುವಂತೆ ಕಂಡರೆ ಗೂಡಿಗೆ ಅಪಾಯವಿದೆಯೆಂದೇ ತಿಳಿಯಬೇಕು.

ಈಗ ನಾನು ಮುಖ್ಯವೆಂದು ಎಣಿಸಿರುವ ಮಾತಿಗೆ ಬರುತ್ತೇನೆ. ಫಾಬ್ರ್‌ನು ಕಣಜದ ಕುಟುಕು ಎಂದೂ ತಪ್ಪದ್ದೆಂದೂ, ಅದರ ಸಹಜಜ್ಞಾನವು ಆದಿಯಿಂದಲೇ ಪರಿಪೂರ್ಣವಾಗಿದ್ದು ಎಳ್ಳಷ್ಟೂ ಬದಲಾಗದ್ದೆಂದೂ ನಂಬಿದ್ದನು. ಅಮೆರಿಕದ ಮಿಲ್ವಾಕಿ ನಗರದ ಜಾರ್ಜ್ ಮತ್ತು ಎಲಿಜಬೆತ್ ಪೆಕ್‌ಹ್ಯಾಮ್ ದಂಪತಿಗಳು, ಮೊದಲು ಜೇಡಗಳನ್ನೇ ಅಭ್ಯಾಸಮಾಡಿ ಪ್ರಸಿದ್ಧರಾಗಿದ್ದವರು, ತರುವಾಯ ತಮ್ಮ ತೋಟದ ತರಕಾರಿಯ ಮಡಿಗಳ ನಡುವೆ ಕುಳಿತು ಒಂಟಿ ಕಣಜಗಳನ್ನು ಗಮನಿಸಿ 1898ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ತಾವು ನೋಡಿದ 45 ಜಾತಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಬೇಟೆಯನ್ನು ಕೊಂದೇ ಬಿಡುತ್ತವೆಂದೂ, ಉಳಿದವುಗಳಲ್ಲಿಯೂ ಕುಟುಕು ಒಂದೇ ಬಗೆಯಾಗಿ ಇಳಿಯುವ ಜಾತಿ ಒಂದಾದರೂ ಇಲ್ಲವೆಂದೂ ಅವರು ತಿಳಿಸಿದರು. ಕುಂಬಾರಹುಳುವಿನ ಗೂಡಿನಲ್ಲಿ ಸತ್ತ ಜೇಡಗಳೂ ಬದುಕಿರುವವೂ ಬೆರೆತಿದ್ದು, ಮರಿಗಳು ಎರಡನ್ನೂ ತಿಂದು ಚೆನ್ನಾಗಿಯೇ ಬೆಳೆದವು. ಒಂದೇ ಜಾತಿಯ ಎರಡು ತಾಯಿಯರಲ್ಲಿ ಒಬ್ಬಳು ಬಿಲವನ್ನು ಅಚ್ಚುಕಟ್ಟಾಗಿ ಮುಚ್ಚಿದರೆ ಇನ್ನೊಬ್ಬಳು ಅವಸರದಲ್ಲಿ ಎರಡು ಹಿಡಿ ಮಣ್ಣೆಳೆದು ಹೊರಟುಹೋದಳು.

ಫಾಬ್ರ್‌ನ ಬೆರಗಿಗೆ ಇದರಿಂದ ಕುಂದು ಬಂದಿತೆಂದು ಹೇಳುವವರುಂಟು. ನನಗಾದರೋ ಬೆರಗು ಹೆಚ್ಚಿದೆ. ಎಂದಿಗೂ ತಪ್ಪದ ಯಂತ್ರಕ್ಕಿಂತ, ಕೆಲವೊಮ್ಮೆ ಎಡವಿ, ಬಿಲವು ಕಿರಿದಾದರೆ ತೋಡಿ, ಜೇಡನು ಜಾರಿದರೆ ಹುಡುಕಿ ತಂದು, ತನ್ನ ತನ್ನ ಸ್ವಭಾವಕ್ಕೆ ತಕ್ಕಂತೆ ಕೆಲಸವನ್ನು ಪೂರೈಸುವ ಜೀವಿಯು ನಮ್ಮ ಆದರಕ್ಕೆ ಹೆಚ್ಚು ಪಾತ್ರವಾದದ್ದು. ಭ್ರಮರಕೀಟದ ಕಥೆಯನ್ನು ತಿದ್ದಿದ್ದು ಗೂಡನ್ನು ತೆರೆದು ನೋಡಿದ ಕಣ್ಣು. ಫಾಬ್ರ್‌ನ ಮಾತನ್ನು ತಿದ್ದಿದ್ದು ಒಂದರ ಮೇಲೊಂದು ಕಣಜವನ್ನು ಬೇಸರಿಸದೆ ನೋಡಿದ ಕಣ್ಣುಗಳು.

ಹಾಗೆ ನೋಡಬೇಕೆಂಬ ಮನಸ್ಸು ತಮಗಾದರೆ ದೂರ ಹೋಗಬೇಕಾದುದಿಲ್ಲ. ಬಿಸಿಲೇರಿದ ಹೊತ್ತಿನಲ್ಲಿ, ಮರಳು ಬೆರೆತ ಸಡಿಲ ನೆಲವಿರುವ ಹೊಲದ ಅಂಚಿನಲ್ಲಿ, ಜೇಡನನ್ನು ಎಳೆಯುತ್ತ ಹಿಂದುಹಿಂದಕ್ಕೆ ನಡೆಯುವ ಹುಳುವೊಂದು ಕಣ್ಣಿಗೆ ಬಿದ್ದರೆ, ತಮ್ಮ ನೆರಳು ಅದರ ಮೇಲೆ ಬೀಳದಂತೆ ಒಂದೆರಡು ಮಾರು ದೂರದಲ್ಲಿ ಕುಳಿತುಬಿಡಿರಿ. ಕೈಯಿಂದ ಹಿಡಿಯಹೋಗಬಾರದು, ಈ ಕುಲದ ದೊಡ್ಡ ಜಾತಿಗಳ ಕುಟುಕಿನ ಉರಿಯು ಅಸಹನೀಯವಾದದ್ದು, ಆದರೆ ಕೆಣಕದೆ ಅವು ಮನುಷ್ಯರ ಗೋಜಿಗೆ ಬರುವುದಿಲ್ಲ. ಬಿಲವನ್ನು ಮುಚ್ಚಿ ತಾಯಿಯು ಹೊರಟುಹೋದ ಮೇಲೆ ಒಂದು ಕಡ್ಡಿಯನ್ನು ನೆಟ್ಟು ಗುರುತಿಟ್ಟುಕೊಂಡು, ಮಾರನೆಯ ದಿನ ಚಮಚೆಯ ತುದಿಯಿಂದ ಮೆಲ್ಲಮೆಲ್ಲನೆ ಬಿಡಿಸಿದರೆ, ಜೇಡವು ಯಾವ ಜಾತಿಯದು, ಮುಟ್ಟಿದರೆ ಕಾಲು ಮಿಡುಕುವುದೋ ಇಲ್ಲವೋ, ಮೊಟ್ಟೆಯು ಹೊಟ್ಟೆಯ ಯಾವ ಪಕ್ಕಕ್ಕೆ ಅಂಟಿದೆ, ಎಲ್ಲವೂ ಕಾಣುತ್ತದೆ. ಅಗಲವಾದ ಬಾಯಿಯ ಸೀಸೆಯೊಂದರಲ್ಲಿ ಸ್ವಲ್ಪ ಒದ್ದೆ ಮರಳು ಹಾಕಿ ಜೇಡವನ್ನು ಅದರ ಮೇಲೆ ಮಲಗಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಿನಲ್ಲಿಟ್ಟರೆ, ಮರಿಯು ಮೊದಲು ಬಾಯಿಯಿಟ್ಟಲ್ಲಿಂದ ಕೋಶವನ್ನು ನೇಯುವ ತನಕ ದಿನದಿನಕ್ಕೂ ಬರೆದಿಟ್ಟುಕೊಳ್ಳಬಹುದು.